ಮೆಚ್ಚಿನ ಗಾಯಕಿಯ ಕಾರ್ಯಕ್ರಮ, ಮುಖ ನೋಡದ ಗೆಳೆಯರು

ಪ್ರಶ್ನೆ: ನನಗೆ 26 ವರ್ಷ. ಒಬ್ಬ ಗಾಯಕಿಯ ಹಾಡುಗಳೆಂದರೆ ನನಗೆ ಪ್ರಾಣ. ಅವರ ಹಾಡುಗಳ ನೆಪದಲ್ಲೇ ಪರಿಚಯವಾದ ನಾವು ಏಳು ಮಂದಿ ಐದು ವರ್ಷಗಳಿಂದ ಫೋನಿನಲ್ಲಿ ಬರೆದುಕೊಳ್ಳುತ್ತ ಬಹಳ ಹತ್ತಿರವಾಗಿದ್ದೇವೆ. ಯಾರೂ ಯಾರನ್ನೂ ಎದುರಿಗೆ ಕಂಡಿಲ್ಲ. ಮುಂದಿನ ತಿಂಗಳು ಅವರ ಕಾರ್ಯಕ್ರಮವಿದೆ, ಎಲ್ಲರೂ ಅಲ್ಲೇ ಸೇರೋಣವೆಂದು ಟಿಕೆಟ್ ಮಾಡಿಸಿದ್ದೇವೆ. ಈಗ ನನಗೆ ನಿದ್ದೆ ಬರುತ್ತಿಲ್ಲ. ಬರೆಯುವಾಗ ನಾನು ಚುರುಕು, ಎದುರಿಗೆ ಯಾರಾದರೂ ನಿಂತರೆ ನಾಲಿಗೆಯೇ ಹೊರಳುವುದಿಲ್ಲ. ಉಳಿದವರಿಗೆ ಸಂಗೀತದ ಒಳಹೊರಗು ಗೊತ್ತು, ನನಗೆ ಹಾಡು ಕೇಳುವುದಷ್ಟೇ ಗೊತ್ತು. ಮನೆಯವರು ‘ಗುರುತು ಪರಿಚಯ ಇಲ್ಲದವರ ಜೊತೆ ಹೋಗುವುದೇ, ಇದೆಂಥ ಹುಚ್ಚು’ ಎನ್ನುತ್ತಾರೆ. ಇನ್ನೊಂದು ವಿಷಯ: ಗಾಯಕಿಗೆ ಕೊಡಲೆಂದು ನಾಲ್ಕು ಪುಟದ ಪತ್ರ ಬರೆದಿಟ್ಟಿದ್ದೇನೆ. ಕೊಡಬಹುದೇ? ಹೋಗಲೋ ಬೇಡವೋ?

ಉತ್ತರ: ಹೋಗಿ. ಟಿಕೆಟ್ ಬೇರೆಯವರಿಗೆ ಕೊಟ್ಟುಬಿಡುವ ಯೋಚನೆ ಬಂದಿದ್ದರೆ ಅದನ್ನು ಇಲ್ಲಿಗೇ ಬಿಡಿ. ಆಪ್ತಸಮಾಲೋಚಕಿಯಾಗಿ ನನ್ನ ಬಳಿ ಬರುವ ಬಹಳಷ್ಟು ಮಂದಿ ಹೇಳಿಕೊಳ್ಳುವುದು ಒಂಟಿತನದ ಕಷ್ಟವನ್ನು. ನಿಮ್ಮ ಕೈಯಲ್ಲಿ ಆರು ಜನ ಗೆಳೆಯರು, ಅವರೆಲ್ಲರಿಗೂ ಪ್ರಿಯವಾದ ಒಂದು ದನಿ, ಎಲ್ಲರೂ ಒಂದೇ ಕಡೆ ಸೇರುವ ಒಂದು ಸಂಜೆ ಇವೆ. ಭಯಕ್ಕೆ ಇದನ್ನು ಬಿಟ್ಟುಕೊಡಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ.

ನಾಲಿಗೆ ಹೊರಳುವುದಿಲ್ಲ ಎಂದಿರಲ್ಲ, ಮೊದಲು ಅದನ್ನೇ ತೆಗೆದುಕೊಳ್ಳೋಣ. ಮೊದಲ ಭೇಟಿಯೆಂದರೆ ಎದುರುಬದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು, ಮಾತಿಗೆ ಮಾತು ಕೂಡಿಸುವುದು ಎಂಬ ಚಿತ್ರ ನಿಮ್ಮ ತಲೆಯಲ್ಲಿದೆ. ಆ ಚಿತ್ರವೇ ನಿದ್ದೆ ಕೆಡಿಸುತ್ತಿರುವುದು. ಸಂಗೀತ ಕಾರ್ಯಕ್ರಮದಲ್ಲಿ ಜನ ಹಾಗೆ ಕೂರುವುದೇ ಇಲ್ಲ. ಎಲ್ಲರ ಮುಖ ವೇದಿಕೆಯ ಕಡೆಗಿರುತ್ತದೆ. ನೀವು ಏಳು ಮಂದಿ ಒಬ್ಬರ ಪಕ್ಕ ಒಬ್ಬರು ಇರುತ್ತೀರಿ, ನಿಮ್ಮ ಕಣ್ಣು ಕಿವಿಗಳಿಗೆ ಬೇರೆ ಕೆಲಸ ಇರುತ್ತದೆ. ಮಾತಿಲ್ಲದೆ ಎರಡು ಗಂಟೆ ಜೊತೆಗಿದ್ದರೂ ಯಾರಿಗೂ ತಪ್ಪೆನಿಸದ ಜಾಗಗಳು ಲೋಕದಲ್ಲಿ ಕಡಿಮೆ. ಸಂಕೋಚದ ಸ್ವಭಾವದವರಿಗೆ ಹೇಳಿ ಮಾಡಿಸಿದಂಥ ಮೊದಲ ಭೇಟಿ ಇದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಆಗ ನನಗೆ ಇಪ್ಪತ್ನಾಲ್ಕು. ಒಬ್ಬ ಗಿಟಾರ್ ವಾದಕರ ಕಾರ್ಯಕ್ರಮಕ್ಕೆ ಹೋಗಿದ್ದೆ. ಅವರ ಸಂಗೀತದ ಬಗ್ಗೆ ಎರಡು ವರ್ಷದಿಂದ ನನ್ನೊಂದಿಗೆ ಪತ್ರ ಬರೆದುಕೊಳ್ಳುತ್ತಿದ್ದ ಒಬ್ಬಾಕೆಯನ್ನು ಅಂದು ಮೊದಲ ಸಲ ಕಂಡೆ. ಪತ್ರದಲ್ಲಿ ಹಾಳೆಗಟ್ಟಲೆ ಬರೆಯುತ್ತಿದ್ದವರು ಎದುರಿಗೆ ಬಂದು ‘ಬೇಗ ಬಂದ್ರಾ’ ಎಂದು ಕೇಳಿ ಸುಮ್ಮನಾದರು. ನಾನು ‘ಹೂಂ’ ಎಂದೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದಾಗ ಅವರು ಟಿಕೆಟಿನ ಅಂಚನ್ನು ಉಗುರಿನಿಂದ ಮಡಿಸುತ್ತ, ಬಿಡಿಸುತ್ತ, ಮತ್ತೆ ಮಡಿಸುತ್ತ ಇದ್ದರು. ನಾನು ಮುಂದಿದ್ದವರ ಬೆನ್ನು ನೋಡುತ್ತಿದ್ದೆ. ಎರಡು ವರ್ಷದ ಸ್ನೇಹ ಇಷ್ಟೇನಾ ಎಂದು ಗಂಟಲು ಕಟ್ಟಿಬಂದಿತ್ತು.

ಒಳಗೆ ನಾಲ್ಕನೆಯದೋ ಐದನೆಯದೋ ಹಾಡು. ಅದರಲ್ಲಿ ಒಂದು ಕಡೆ ವಾದ್ಯಗಳೆಲ್ಲ ಥಟ್ಟನೆ ನಿಂತು, ಒಂದು ಉಸಿರಿನಷ್ಟು ಹೊತ್ತು ನಿಶ್ಶಬ್ದವಾಗಿ, ಮತ್ತೆ ಒಟ್ಟಿಗೆ ಎದ್ದು ಬರುತ್ತವೆ. ಕ್ಯಾಸೆಟ್ಟಿನಲ್ಲಿ ನೂರಾರು ಸಲ ಕೇಳಿ ಆ ಬಿಡುವು ಎಷ್ಟು ಹೊತ್ತಿನದು ಎಂದು ನನ್ನ ಮೈಗೇ ಗೊತ್ತಾಗಿಬಿಟ್ಟಿತ್ತು. ಅಂದು ವಾದಕರು ಬೇಕೆಂದೇ ಅದನ್ನು ಎಳೆದರು. ತಾಳ ಹಾಕುತ್ತಿದ್ದ ನನ್ನ ಪಾದ ನೆಲ ಮುಟ್ಟದೆ ಹಾಗೇ ನಿಂತಿತು. ಪಕ್ಕಕ್ಕೆ ಕಣ್ಣು ಹಾಯಿಸಿದರೆ ಅವರ ತೋರುಬೆರಳೂ ತೊಡೆಯಿಂದ ಒಂದು ಅಂಗುಲ ಮೇಲೆ ಗಾಳಿಯಲ್ಲೇ ನಿಂತಿದೆ. ಸಂಗೀತ ಬಂತು, ಬೆರಳು ಇಳಿಯಿತು, ನನ್ನ ಪಾದವೂ ಇಳಿಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಆ ರಾತ್ರಿ ಹೊರಗೆ ಬಂದ ಮೇಲೆ ದೀಪ ಆರಿಸುವವರೆಗೂ ಗೇಟಿನ ಹತ್ತಿರ ನಿಂತು ಮಾತಾಡಿದೆವು. ಇಂದಿಗೂ ನನ್ನ ಕಷ್ಟಸುಖಕ್ಕೆ ಆಗುವ ಗೆಳತಿ ಅವರು.

ಹೀಗೆ ಆಗುವುದಕ್ಕೆ ಕಾರಣವಿದೆ. ಒಂದೇ ಲಯಕ್ಕೆ ಒಟ್ಟಿಗೆ ಮೈ ಅಲುಗಿದಾಗ, ಒಟ್ಟಿಗೆ ದನಿಗೂಡಿಸಿದಾಗ ಅಪರಿಚಿತರ ನಡುವಿನ ಬಿಗುಮಾನ ಬೇಗ ಕರಗುತ್ತದೆ. ಬ್ರಿಟನ್ನಿನಲ್ಲಿ ಐಲೂನೆಡ್ ಪಿಯರ್ಸ್, ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ನೋಡಿತು. ಹೊಸದಾಗಿ ಸೇರಿದ ಹವ್ಯಾಸದ ತರಗತಿಗಳನ್ನು ಏಳು ತಿಂಗಳು ಹಿಂಬಾಲಿಸಿದರು. ಕೆಲವು ತರಗತಿಗಳಲ್ಲಿ ಹಾಡುಗಾರಿಕೆ, ಉಳಿದವುಗಳಲ್ಲಿ ಕರಕುಶಲ ಕೆಲಸ ಅಥವಾ ಬರವಣಿಗೆ. ಕೊನೆಗೆ ಎಲ್ಲ ತರಗತಿಯವರೂ ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಹತ್ತಿರವಾಗಿದ್ದರು, ಆದರೆ ಹಾಡುವವರು ಅಲ್ಲಿಗೆ ಬಹಳ ಬೇಗ ತಲುಪಿದ್ದರು. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಏನೂ ಗೊತ್ತಿಲ್ಲದೆಯೂ ಆತ್ಮೀಯತೆ ಮೊದಲು ಬಂತು, ಪರಿಚಯ ಆಮೇಲೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಕೇಳುಗರ ತಲೆದೂಗುವಿಕೆಯನ್ನೇ ಅಳೆದು ನೋಡಿದ್ದಾರೆ. ಅದೇ ಹಾಡುಗಳ ಧ್ವನಿಮುದ್ರಣ ಕೇಳಿದವರಿಗಿಂತ ಕಲಾವಿದರು ಎದುರಿಗೆ ಹಾಡಿದ್ದನ್ನು ಕೇಳಿದವರ ತಲೆ ಚುರುಕಾಗಿ ಅಲುಗಿತು. ಅಭಿಮಾನಿಗಳ ತಲೆ ಲಯಕ್ಕೆ ಇನ್ನೂ ಚೆನ್ನಾಗಿ ಹೊಂದಿಕೊಂಡಿತ್ತು. ನೀವು ಏಳು ಮಂದಿ ಐದು ವರ್ಷದಿಂದ ಒಂದೇ ಹಾಡುಗಳಿಗೆ ಬೇರೆ ಬೇರೆ ಕೋಣೆಗಳಲ್ಲಿ ತಲೆದೂಗಿದ್ದೀರಿ. ಮೊದಲ ಸಲ ಒಂದೇ ಕಡೆ ತಲೆದೂಗಲಿದ್ದೀರಿ.

ಆದ್ದರಿಂದ ನನ್ನ ಸಲಹೆ: ಮೊದಲ ಭೇಟಿಯನ್ನು ಹಿಂದಿನ ದಿನ ಎಲ್ಲೋ ಕೂತು ಮಾತಾಡುವುದೆಂದು ಇಟ್ಟುಕೊಳ್ಳಬೇಡಿ. ಕಾರ್ಯಕ್ರಮದ ದಿನವೇ, ಬಾಗಿಲು ತೆರೆಯುವ ಒಂದು ಗಂಟೆ ಮೊದಲು ಸೇರಿ. ಆ ಒಂದು ಗಂಟೆ ತಡವರಿಸಿದರೆ ತಡವರಿಸಲಿ. ಮಾತು ಹೊರಡದಿದ್ದಾಗ ಕೇಳಲು ಒಂದು ಪ್ರಶ್ನೆ ಸಾಕು: ‘ಇವತ್ತು ಯಾವ ಹಾಡು ಹಾಡದೇ ಇದ್ದರೆ ನಿಮಗೆ ಬೇಜಾರಾಗುತ್ತೆ?’ ಇದಕ್ಕೆ ಉತ್ತರ ಇಲ್ಲದ ಅಭಿಮಾನಿಯನ್ನು ನಾನು ಕಂಡಿಲ್ಲ, ಆ ಉತ್ತರದ ಹಿಂದೆ ಒಂದು ಕಥೆ ಇಲ್ಲದವರನ್ನೂ ಕಂಡಿಲ್ಲ. ನೀವು ಕೇಳಿಸಿಕೊಂಡರೆ ಆಯಿತು. ಕೂರುವ ಆಸನಗಳಾದರೆ ಏಳು ಜನ ಒಂದೇ ಸಾಲಿನಲ್ಲಿ ಕೂತಾಗ ಈ ತುದಿಯವರಿಗೂ ಆ ತುದಿಯವರಿಗೂ ಸಂಬಂಧವೇ ಇರುವುದಿಲ್ಲ. ನಡುವೆ ವಿರಾಮವಿದ್ದರೆ ಆಗ ಜಾಗ ಬದಲಾಯಿಸಿಕೊಳ್ಳಿ.

ಅವರಿಗೆ ನಾನು ಹಿಡಿಸದಿದ್ದರೆ ಎಂಬ ಭಯ ನಿಮ್ಮ ಪತ್ರದ ಪ್ರತಿ ಸಾಲಿನ ಕೆಳಗೂ ಇದೆ. 2018ರಲ್ಲಿ ಎರಿಕಾ ಬೂತ್‌ಬಿ, ಗಸ್ ಕೂನಿ ಮತ್ತು ಜೊತೆಗಾರ ಸಂಶೋಧಕರು ಹೊಸದಾಗಿ ಭೇಟಿಯಾಗಿ ಮಾತಾಡಿದವರನ್ನು ಬೇರೆ ಬೇರೆಯಾಗಿ ಕೇಳಿದರು: ಆ ವ್ಯಕ್ತಿ ನಿಮಗೆ ಎಷ್ಟು ಹಿಡಿಸಿದರು, ಅವರಿಗೆ ನೀವು ಎಷ್ಟು ಹಿಡಿಸಿರಬಹುದು? ಎರಡು ಉತ್ತರಗಳಿಗೂ ತಾಳೆಯಾಗಲಿಲ್ಲ. ತಾವು ನಿಜಕ್ಕೂ ಹಿಡಿಸಿದ್ದಕ್ಕಿಂತ ಕಡಿಮೆ ಹಿಡಿಸಿದ್ದೇವೆ ಎಂದೇ ಜನ ಎಣಿಸಿದ್ದರು. ಸಂಕೋಚ ಹೆಚ್ಚಿದ್ದವರಲ್ಲಿ ಈ ತಪ್ಪೆಣಿಕೆ ಇನ್ನೂ ಹೆಚ್ಚು. ಒಂದೇ ವಸತಿಯಲ್ಲಿದ್ದ ವಿದ್ಯಾರ್ಥಿಗಳಲ್ಲಿ ಅದು ತಿಂಗಳುಗಟ್ಟಲೆ ಹಾಗೇ ಉಳಿದಿತ್ತು. ಹಾಗಾಗಿ ಆ ರಾತ್ರಿ ಮಲಗುವ ಮುಂಚೆ ‘ನಾನು ಯಾಕೆ ಹಾಗಂದೆ, ಅವರೇನು ಅಂದುಕೊಂಡರೋ’ ಎಂದು ಮನಸ್ಸು ಲೆಕ್ಕ ಹಾಕತೊಡಗಿದರೆ, ಆ ಲೆಕ್ಕ ನಿಮ್ಮ ಪಾಲಿಗೆ ಯಾವಾಗಲೂ ಕಡಿಮೆಯೇ ಬರುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಅಂದಾಜಿನಂತೆ, ಬರಿಯ ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು. ನಿಮ್ಮ ಐದು ವರ್ಷದ ಬರವಣಿಗೆಯ ಸ್ನೇಹವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಆದರೂ ಮೈಗೆ ಮೈ ಹತ್ತಿರವಿರುವ ಸಲಿಗೆ ಬೇರೆಯದು, ಅದನ್ನು ಹೊಸದಾಗಿಯೇ ಕಟ್ಟಬೇಕು. ಮೊದಲ ಐದಾರು ಗಂಟೆಯಲ್ಲಿ ಅದು ಪೂರ್ತಿ ಬರದಿದ್ದರೆ ಯಾರೂ ಯಾರಿಗೂ ಮೋಸ ಮಾಡಿದಂತಲ್ಲ. ಬರವಣಿಗೆಯಲ್ಲಿ ನಗಿಸುತ್ತಿದ್ದವರು ಎದುರಿಗೆ ಮೌನಿಯಾಗಿರಬಹುದು. ದಿನವೂ ಎರಡೇ ಪದ ಬರೆಯುತ್ತಿದ್ದವರು ಎಲ್ಲರಿಗೂ ನೀರು ಹಿಡಿದುಕೊಂಡು ಬಂದಿರಬಹುದು. ಆರು ಮಂದಿಯೂ ನಿಮಗೆ ಒಂದೇ ಸಮ ಹಿಡಿಸಬೇಕಿಲ್ಲ. ಇಬ್ಬರು ಉಳಿದರೂ ಅದು ದೊಡ್ಡ ಸಂಪಾದನೆ.

‘ನನಗೆ ಹಾಡು ಕೇಳುವುದಷ್ಟೇ ಗೊತ್ತು’ ಎಂಬ ಮಾತು ಓದಿ ನನಗೆ ನೋವಾಯಿತು. ಕೇಳುವುದು ಸಣ್ಣ ಕೆಲಸವೇ? ಅಭಿಮಾನಿಗಳ ಗುಂಪುಗಳಲ್ಲಿ ನಿಜವಾದ ಅಭಿಮಾನಿ ಯಾರು ಎಂಬ ಪೈಪೋಟಿ ಒಳಗೊಳಗೇ ನಡೆಯುತ್ತಿರುತ್ತದೆ. ಯಾವ ಹಾಡು ಯಾವ ವರ್ಷದ್ದು, ಡೋಲಕ್ ನುಡಿಸಿದ್ದು ಯಾರು, ಮೊದಲ ಕಾರ್ಯಕ್ರಮಕ್ಕೆ ಹೋಗಿದ್ದವರು ಯಾರು ಎಂದೆಲ್ಲ. ಈ ತಿಳಿವಳಿಕೆಗೆ ಬೆಲೆಯಿದೆ. ಆದರೆ ಅದನ್ನು ಕೋಲಿನಂತೆ ಬೀಸುವವರ ಜೊತೆ ಪೈಪೋಟಿಗೆ ಇಳಿಯಬೇಡಿ. ಗೊತ್ತಿಲ್ಲದ್ದನ್ನು ‘ನನಗೆ ಗೊತ್ತಿಲ್ಲ, ಹೇಳಿ’ ಎಂದು ಕೇಳಿ. ಗೊತ್ತಿದ್ದವರಿಗೆ ಹೇಳುವ ಸಂತೋಷ ಸಿಗುತ್ತದೆ, ನಿಮಗೆ ಮುಂದಿನ ಸಲ ಆ ಹಾಡು ಇನ್ನಷ್ಟು ಕೇಳಿಸುತ್ತದೆ. ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ತಂಡದ ಅಭಿಮಾನಿಗಳ ವಿಷಯ ಇಲ್ಲಿ ನೆನಪಾಗುತ್ತದೆ. ಅವರು ಕಾರ್ಯಕ್ರಮಗಳನ್ನು ಟೇಪಿನಲ್ಲಿ ಧ್ವನಿಮುದ್ರಿಸಿ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಿದ್ದರು. ತಂಡವೂ ಅದಕ್ಕೆ ಒಪ್ಪಿ 1984ರಲ್ಲಿ ಧ್ವನಿಮುದ್ರಿಸುವವರಿಗೆಂದೇ ಪ್ರತ್ಯೇಕ ಜಾಗ ಮಾಡಿಕೊಟ್ಟಿತು. ಹಂಚಿಕೊಳ್ಳಬಹುದು, ಮಾರಬಾರದು ಎಂಬುದೇ ಅಲ್ಲಿನ ಕಟ್ಟಳೆ. ಹೊಸಬರ ಕೈಗೂ ಟೇಪು ಬರುತ್ತಿತ್ತು. ಅಭಿಮಾನಿಗಳ ಬಳಗ ಬೆಳೆಯುವುದು ಹಾಗೆ.

ಮನೆಯವರು ‘ಹುಚ್ಚು’ ಎಂದದ್ದಕ್ಕೆ ಬೇಸರಪಡಬೇಡಿ, ಆ ಮಾತಿಗೆ ಬಹಳ ವಯಸ್ಸಾಗಿದೆ. ಪಿಯಾನೋ ವಾದಕ ಫ್ರಾಂಜ್ ಲಿಸ್ಟ್ ಅವರ ಕಾರ್ಯಕ್ರಮಗಳಲ್ಲಿ ಜನ ಮೈಮರೆಯುವುದನ್ನು ಕಂಡು ಕವಿ ಹೈನ್ರಿಕ್ ಹೈನೆ 1844ರಲ್ಲೇ ಅದಕ್ಕೆ ‘ಲಿಸ್ಟೋಮೇನಿಯಾ’ ಎಂದು ಹೆಸರಿಟ್ಟಿದ್ದರು. ಹಾಗೆಂದು ಮನೆಯವರ ‘ಗುರುತು ಪರಿಚಯ ಇಲ್ಲದವರು’ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಐದು ವರ್ಷ ಬರೆದುಕೊಂಡರೂ ಆ ಆರು ಮಂದಿಯನ್ನು ನೀವು ಕಂಡಿಲ್ಲ. ಹೋಗುವ ಮೊದಲು ಒಮ್ಮೆಯಾದರೂ ಎಲ್ಲರೂ ವಿಡಿಯೊ ಕರೆ ಮಾಡಿ ಮುಖ, ದನಿ ನೋಡಿಕೊಳ್ಳಿ. ಸೇರುವುದು ಜನ ಓಡಾಡುವ ಜಾಗದಲ್ಲೇ ಇರಲಿ. ನಿಮ್ಮ ಟಿಕೆಟ್ ನಿಮ್ಮ ಕೈಯಲ್ಲಿರಲಿ. ಖುಷಿಗೆ ಅದರ ಫೋಟೊ ತೆಗೆದು ಎಲ್ಲರಿಗೂ ಕಳಿಸುವಾಗ ಬಾರ್‌ಕೋಡ್ ಕಾಣದಂತೆ ಮುಚ್ಚಿ, ಅದನ್ನು ನಕಲು ಮಾಡಿಕೊಂಡು ಇನ್ನೊಬ್ಬರು ಒಳಗೆ ಹೋಗಿಬಿಟ್ಟರೆ ನೀವು ಹೊರಗೇ ನಿಲ್ಲಬೇಕಾಗುತ್ತದೆ. ವಾಪಸ್ ಬರುವ ದಾರಿ ಯಾರ ಮೇಲೂ ಅವಲಂಬಿಸದೆ ಗೊತ್ತುಮಾಡಿಕೊಂಡಿರಿ. ಎಲ್ಲಿರುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗೆ ತಿಳಿಸಿ. ಸಾವಿರಾರು ಫೋನುಗಳು ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುವುದು ಮಾಮೂಲು. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂಬುದನ್ನು ಮೊದಲೇ ಮಾತಾಡಿಕೊಂಡಿರಿ: ಇಂಥ ಗೇಟು, ಇಂಥ ಕಂಬ ಎಂದು ಕಣ್ಣಿಗೆ ಕಾಣುವ ಗುರುತೇ ಬೇಕು. ಇಷ್ಟನ್ನೂ ಮನೆಯವರಿಗೆ ಬಿಡಿಸಿ ಹೇಳಿದರೆ ಅವರ ಅರ್ಧ ಆತಂಕ ಇಳಿಯುತ್ತದೆ.

ಕಿವಿಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಸದ್ದಿನ ನಡುವೆ ಕೆಲಸ ಮಾಡುವುದು ಕಿವಿಯ ಮಟ್ಟಿಗೆ ಮಿತಿ ಎಂದು ಪರಿಗಣಿಸುತ್ತಾರೆ. ಸದ್ದು ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, ಹೀಗೇ ಇಳಿದು 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ಧ್ವನಿವರ್ಧಕ ಹಾಕಿದ ದೊಡ್ಡ ಕಾರ್ಯಕ್ರಮಗಳಲ್ಲಿ ಸದ್ದು 100ನ್ನು ಮುಟ್ಟುವುದು ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡವೂ ಹದಿನೈದು ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಎನ್ನುತ್ತದೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಂಗೀತಕ್ಕೆಂದೇ ಮಾಡಿದ ಇಯರ್‌ಪ್ಲಗ್ ಒಂದು ಜೊತೆ ತೆಗೆದುಕೊಳ್ಳಿ. ಸ್ಪಂಜಿನಂಥವು ಹಾಡಿನ ಮೇಲುಸ್ವರಗಳನ್ನೇ ಹೆಚ್ಚು ಮುಚ್ಚಿಬಿಡುತ್ತವೆ, ಇವು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ತಗ್ಗಿಸುತ್ತವೆ. ಮರುದಿನ ಕಿವಿಯಲ್ಲಿ ‘ಗುಂಯ್’ ಎನ್ನುವುದನ್ನು ಸವಿನೆನಪಿನಂತೆ ಹೇಳಿಕೊಳ್ಳುವವರಿದ್ದಾರೆ. ಅದು ಕಿವಿಗೆ ಪೆಟ್ಟಾಗಿದೆ ಎಂಬ ಗುರುತು, ಎರಡು ಮೂರು ದಿನಕ್ಕೂ ನಿಲ್ಲದಿದ್ದರೆ ಕಿವಿ ವೈದ್ಯರ ಬಳಿ ಹೋಗಬೇಕು.

ನಿಲ್ಲುವ ಜಾಗವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಸೌಂಡ್ ಎಂಜಿನಿಯರ್ ತಮ್ಮ ಮಿಕ್ಸರ್ ಇಟ್ಟುಕೊಂಡಿರುತ್ತಾರಲ್ಲ, ಅದರ ಹತ್ತಿರ ನಿಲ್ಲಿ. ಅವರು ಅಲ್ಲಿ ತಮ್ಮ ಕಿವಿಗೆ ಕೇಳುವುದನ್ನು ನೋಡಿಕೊಂಡೇ ಧ್ವನಿ ಹೊಂದಿಸುವುದು. ವೇದಿಕೆಯ ಮುಂದೆ ಗಾಯಕಿ ಹತ್ತಿರ ಕಾಣುತ್ತಾರೆ, ಆದರೆ ಅವರ ದನಿಗಿಂತ ಹತ್ತಿರದ ಸ್ಪೀಕರಿನ ಸದ್ದೇ ಹೆಚ್ಚು ಕೇಳುತ್ತದೆ. ಮುಂದೆ ಹೋಗಲೇಬೇಕೆಂಬ ಆಸೆಯಿದ್ದರೆ ನೂಕುನುಗ್ಗಲಿನ ಮೇಲೆ ಒಂದು ಕಣ್ಣಿರಲಿ. ಕೈ ಎತ್ತಿ ಮುಖ ಒರೆಸಿಕೊಳ್ಳಲೂ ಆಗದಷ್ಟು ಒತ್ತಾದರೆ ಅದು ಅಪಾಯ. ಆಗ ಜನರ ವಿರುದ್ಧ ತಳ್ಳದೆ, ಕೈಗಳನ್ನು ಎದೆಯ ಮುಂದೆ ಮಡಿಸಿ ಉಸಿರಿಗೆ ಜಾಗ ಮಾಡಿಕೊಂಡು, ಒತ್ತಡ ಸಡಿಲಿಸಿದಾಗಲೆಲ್ಲ ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು.

ಫೋನು ಹಿಡಿದು ಇಡೀ ಕಾರ್ಯಕ್ರಮ ಚಿತ್ರೀಕರಿಸುವ ಆಸೆ ಎಲ್ಲರಿಗೂ ಇರುತ್ತದೆ. ನೀವು ಏಳು ಮಂದಿ ಇದ್ದೀರಿ, ಒಬ್ಬೊಬ್ಬರು ಒಂದೊಂದು ಹಾಡು ಎಂದು ಹಂಚಿಕೊಳ್ಳಿ, ಉಳಿದ ಹೊತ್ತು ಫೋನು ಜೇಬಿನಲ್ಲಿರಲಿ. ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಸಂಶೋಧಕಿ ಲಿಂಡಾ ಹೆಂಕೆಲ್ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಗಣ್ಣಿನಿಂದ ನೋಡಿದ್ದಕ್ಕಿಂತ ಫೋಟೊ ತೆಗೆದ ವಸ್ತುಗಳನ್ನೇ ಜನ ಹೆಚ್ಚು ಮರೆತಿದ್ದರು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ಕೈಬಿಟ್ಟುಬಿಡುತ್ತದೆ. ಮನೆಗೆ ಹೋಗುವ ದಾರಿಯಲ್ಲೇ, ಹಾಡುಗಳ ಪಟ್ಟಿ, ಪಕ್ಕದವರು ಅಂದ ಮಾತು, ಗಾಯಕಿ ನೀರು ಕುಡಿದು ನಕ್ಕದ್ದು, ಏನು ಹೊಳೆಯುತ್ತದೋ ಅದನ್ನು ಬರೆದುಕೊಳ್ಳಿ. ಮರುದಿನ ಅರ್ಧ ಹೋಗಿರುತ್ತದೆ.

ಮರುದಿನದ ಬಗ್ಗೆಯೂ ಹೇಳಬೇಕು. ತಿಂಗಳುಗಟ್ಟಲೆ ಕಾದದ್ದು ಮುಗಿದಾಗ ಎದೆ ಬರಿದಾದಂತೆ ಅನಿಸುವುದು, ಸಣ್ಣದಕ್ಕೂ ಅಳು ಬರುವುದು ಬಹಳ ಜನರಿಗೆ ಆಗುತ್ತದೆ. ಎರಡು ದಿನ ನಿದ್ದೆಗೆಟ್ಟ ಮೈ ಕೂಡ ಅದಕ್ಕೆ ಸೇರಿಕೊಂಡಿರುತ್ತದೆ. ಅಂದು ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಬೀಳ್ಕೊಡುವ ಮೊದಲೇ ಮುಂದೆ ಯಾವಾಗ ಮಾತಾಡುವುದೆಂದು ದಿನ ಗೊತ್ತುಮಾಡಿಕೊಂಡರೆ ಆ ಖಾಲಿತನ ಬೇಗ ತುಂಬುತ್ತದೆ.

ಇನ್ನು ನಿಮ್ಮ ನಾಲ್ಕು ಪುಟದ ಪತ್ರ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು ರೇಡಿಯೊ, ಟಿವಿಯಲ್ಲಿ ಕಾಣುವವರೊಡನೆ ಕೇಳುಗರು, ನೋಡುಗರು ಬೆಳೆಸಿಕೊಳ್ಳುವ ಒಮ್ಮುಖದ ಆತ್ಮೀಯತೆಯ ಬಗ್ಗೆ ಬರೆದರು. ಆ ಆತ್ಮೀಯತೆ ಸುಳ್ಳಲ್ಲ. ಆ ದನಿ ನಿಮ್ಮ ಕೆಟ್ಟ ದಿನಗಳಲ್ಲಿ ನಿಮ್ಮ ಜೊತೆಗಿತ್ತು ಎಂಬುದು ನಿಜ. ಆದರೆ ನೀವು ಜೊತೆಗಿದ್ದದ್ದು ಅವರಿಗೆ ಗೊತ್ತಿಲ್ಲ. ಕಾರ್ಯಕ್ರಮ ಮುಗಿಸಿ ಬೆವರೊರೆಸಿಕೊಳ್ಳುತ್ತಿರುವ ಒಬ್ಬ ದಣಿದ ಹೆಣ್ಣುಮಗಳು ನಿಮ್ಮ ಐದು ವರ್ಷಗಳನ್ನು ಐದು ನಿಮಿಷದಲ್ಲಿ ಎತ್ತಿಕೊಳ್ಳಲಾರರು. ಭೇಟಿಗೆಂದು ಸಂಘಟಕರು ಹೊತ್ತು ಗೊತ್ತುಮಾಡಿದ್ದರೆ ಮಾತ್ರ ಹೋಗಿ. ಅವರು ಉಳಿದುಕೊಂಡಿರುವ ಕಡೆ, ಕಾರಿನ ಹತ್ತಿರ ಕಾಯಬೇಡಿ. ಸಿಕ್ಕರೆ ಒಂದೇ ಮಾತು ಹೇಳಿ, ಅದು ನಿಮ್ಮದೇ ಆಗಿರಲಿ: ಯಾವ ಹಾಡು, ಯಾವ ಸಾಲು, ಅದು ನಿಮಗೆ ಒದಗಿದ್ದು ಯಾವಾಗ. ‘ನಾನು ನಿಮ್ಮ ದೊಡ್ಡ ಅಭಿಮಾನಿ’ ಎಂಬುದನ್ನು ಅಂದು ನೂರು ಜನ ಹೇಳಿರುತ್ತಾರೆ. ಸಿಗದೇ ಹೋದರೆ ಅದನ್ನು ಅವರ ಅಹಂಕಾರವೆಂದು ತಿಳಿಯಬೇಡಿ.

ಪತ್ರ ಕೊಡಿ, ಆದರೆ ನಾಲ್ಕು ಪುಟವನ್ನು ಒಂದಕ್ಕೆ ಇಳಿಸಿ. ಉತ್ತರ ಬೇಡುವ ಸಾಲು, ಮತ್ತೆ ಭೇಟಿಯಾಗೋಣ ಎಂಬ ಸಾಲು ಇದ್ದರೆ ತೆಗೆಯಿರಿ. ಕೆಳಗೆ ಹೆಸರಷ್ಟೇ ಸಾಕು. ವೇದಿಕೆಗೆ ಎಸೆಯದೆ ಅವರ ತಂಡದವರ ಕೈಗೆ ಕೊಡಿ. ಉಳಿದ ಮೂರು ಪುಟ ನಿಮ್ಮ ಚೀಲದಲ್ಲೇ ಇರಲಿ. ಅದರಲ್ಲಿರುವುದು ಹೆಚ್ಚಾಗಿ ನಿಮ್ಮ ಈ ಐದು ವರ್ಷಗಳ ಕಥೆಯೇ ಇರಬೇಕು. ಗೇಟಿನ ಹತ್ತಿರ ನಿಲ್ಲುವ ಆರು ಜನರಲ್ಲಿ ಅದನ್ನು ಕೇಳುವವರು ಒಬ್ಬರಾದರೂ ಇದ್ದಾರು.